ಕಪ್ಪು ಕ್ರೆಟಾಗೆ ಯಾವ ಪ್ಯಾಡ್? ಹಳದಿಯೋ, ಬಿಳಿಯೋ, ಉಣ್ಣೆಯೋ?

ಕರಿಗಾಡಿ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ್ರಿ. ಗಾಡಿ ಕಪ್ಪು ಕ್ರೆಟಾ, ಆರು ವರ್ಷ ಹಳೇದು. ಕಪ್ಪು ತಗೋಬೇಡ ಅಂತ ಮನೆಯವರೆಲ್ಲ ಹೇಳಿದ್ದರು, ನಾನೇ ಹಟ ಹಿಡಿದು ತಗೊಂಡೆ. ಈಗ ಅನುಭವಿಸುತ್ತಿದ್ದೇನೆ. ನೆರಳಲ್ಲಿ ನಿಂತಿದ್ದರೆ ಮದುಮಗನ ಹಾಗೆ ಕಾಣುತ್ತೆ, ಬಿಸಿಲಿಗೆ ತಂದರೆ ಬಾನೆಟ್ ತುಂಬಾ ಜೇಡರ ಬಲೆ ಹಾಗೆ ಸಣ್ಣ ಗೆರೆ.

ತಪ್ಪು ನಂದೇ ಜಾಸ್ತಿ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಒಣ ಬಟ್ಟೆ ತಗೊಂಡು ಧೂಳು ಒರೆಸಿದ್ದೇನೆ. ನಮ್ಮೂರಿನ ಧೂಳು ನಿಮಗೆ ಗೊತ್ತಲ್ವಾ, ರಾತ್ರಿ ತೊಳೆದಿಟ್ಟ ಗಾಡಿ ಮೇಲೆ ಬೆಳಿಗ್ಗೆ ಬೆರಳಲ್ಲಿ ಹೆಸರು ಬರೆಯಬಹುದು. ಉಳಿದ ಗೆರೆಗಳನ್ನು ಒಂದು ವಾಟರ್ ವಾಶ್‌ನವರು ಎಳೆದರು. ನನಗಿಂತ ಮುಂಚೆ ಬಂದಿದ್ದ ಟ್ರ್ಯಾಕ್ಟರ್ ತೊಳೆದ ಸ್ಪಂಜೇ ನನ್ನ ಗಾಡಿಗೂ, ನೀರು ಕೂಡ ಅದೇ ಬಕೆಟ್‌ದು. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಾ ನಿಂತಿದ್ದೆ, ಆಗ ತಲೆಗೆ ಹೊಳೆಯಲಿಲ್ಲ.

ಡಿಟೇಲಿಂಗ್ ಅಂಗಡಿಯಲ್ಲಿ ಹೇಳಿದ ರೇಟು ಕೇಳಿ ಸುಮ್ನೆ ವಾಪಸ್ ಬಂದೆ. ಧೈರ್ಯ ಮಾಡಿ ಒಂದು ಡಿಎ ಪಾಲಿಶರ್ (ಪ್ಯಾಡ್ ನಡುಗುತ್ತಾ ತಿರುಗಿ ಪೇಂಟ್ ಉಜ್ಜುವ ಮಷಿನ್) ತರಿಸಿದ್ದೇನೆ. 15 ಎಂಎಂ ಥ್ರೋ (ಪ್ಯಾಡ್ ಅಲುಗಾಡುವ ಅಗಲ), 5 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ). ಮಷಿನ್ ಬಂದು ಹದಿನೈದು ದಿನ ಆಯ್ತು, ಇನ್ನೂ ಡಬ್ಬಿಯಲ್ಲೇ ಇದೆ. ಪ್ಯಾಡ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ವಿಡಿಯೋದಲ್ಲಿ ಹಳದಿ ಪ್ಯಾಡ್ ಮೆತ್ತಗೆ, ಫಿನಿಶಿಂಗ್‌ಗೆ ಅಂತಾರೆ, ಇನ್ನೊಂದರಲ್ಲಿ ಹಳದಿ ಹಾಕಿ ಉಜ್ಜಿದರೆ ಎಂಥಾ ಗೀರೂ ಹೋಗುತ್ತೆ ಅಂತಾರೆ. ಮೈಕ್ರೋಫೈಬರ್ ಪ್ಯಾಡ್ ಬೇರೆ ಇದೆಯಂತೆ. ಗ್ಯಾರೇಜಿನ ಪರಿಚಯದವರು "ಉಣ್ಣೆ ಪ್ಯಾಡ್ ಹಾಕು, ಅರ್ಧ ಗಂಟೆ ಕೆಲಸ" ಅಂದುಬಿಟ್ಟರು.

ಪ್ಯಾಡಿಗೆ ಅಂತ 4000 ರೂಪಾಯಿ ತೆಗೆದಿಟ್ಟಿದ್ದೇನೆ. ಯಾವುದು, ಎಷ್ಟು ತಗೊಳ್ಳಲಿ? ಬೈಬೇಡಿ, ಮೊದಲನೇ ಸಲ.

ಶನಿವಾರದ_ಪಾಲಿಶ್ (ಧಾರವಾಡ):

ಬೈಯೋದೇನು ಬಂತು, ಒಣ ಬಟ್ಟೆ ಹಿಡಿಯದೇ ಇರೋರು ಇಲ್ಲಿ ಯಾರಿದ್ದಾರೆ. ನಮ್ಮ ಕಡೆ ಕೆಂಪು ಧೂಳು, ನಿಮ್ಮ ಕಡೆ ಕರಿ ಧೂಳು, ಅಷ್ಟೇ ವ್ಯತ್ಯಾಸ.

ಮೊದಲು ಬಣ್ಣದ ವಿಷಯ. ನೀವು ನೋಡಿದ ಎರಡೂ ವಿಡಿಯೋ ಸರಿಯೇ. ಪ್ಯಾಡಿನ ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಒಂದೊಂದು ಕಂಪನಿ ತನಗೆ ಬೇಕಾದ ಹಾಗೆ ಇಟ್ಟುಕೊಂಡಿದೆ. ಇಟಲಿಯ ರೂಪೆಸ್‌ನಲ್ಲಿ ನೀಲಿ ಒರಟು, ಹಳದಿ ನಯ, ಬಿಳಿ ಇನ್ನೂ ನಯ. ಅಮೆರಿಕದ ಲೇಕ್ ಕಂಟ್ರಿಯಲ್ಲಿ ಹಳದಿ ಅಂದರೆ ಒರಟು ಕಟಿಂಗ್ (ಗೀರು ತೆಗೆಯೋದು), ಕಿತ್ತಳೆ ಅದಕ್ಕಿಂತ ಸ್ವಲ್ಪ ಸೌಮ್ಯ, ಬಿಳಿ ಪಾಲಿಶಿಂಗ್ (ನಡುವಿನದು), ಕಪ್ಪು ಫಿನಿಶಿಂಗ್ (ಕೊನೇ ಹೊಳಪಿಗೆ). ಒಂದೇ ಹಳದಿ, ಕೆಲಸ ಉಲ್ಟಾ. ನಾನು ಇದನ್ನು ತಿಳಿಯದೆ ಅಪ್ಪನ ಸ್ವಿಫ್ಟ್ ಮೇಲೆ "ಮೆತ್ತಗಿನ ಹಳದಿ" ಅಂತ ಕಟಿಂಗ್ ಪ್ಯಾಡ್ ಹಾಕಿ ಎರಡು ಬಾಗಿಲು ಮಬ್ಬು ಮಾಡಿಕೊಂಡೆ. ಅಪ್ಪ ಇವತ್ತಿಗೂ ಆ ಕಡೆ ಬಾಗಿಲು ತೆಗೆಯುವಾಗ ನನ್ನ ಮುಖ ನೋಡುತ್ತಾರೆ. ಹಾಗಾಗಿ ಹಳದಿ ಕೊಡಿ, ಬಿಳಿ ಕೊಡಿ ಅಂತ ಕೇಳಬೇಡಿ. ಕಟಿಂಗೋ, ಪಾಲಿಶಿಂಗೋ, ಫಿನಿಶಿಂಗೋ ಅಂತ ಕೇಳಿ. ಕೈಗೆ ಸಿಕ್ಕಿದರೆ ಹಿಂಡಿ ನೋಡಿ. ಗಟ್ಟಿ ಇದ್ದು ತೂತು ದಪ್ಪ ಇದ್ದರೆ ಸಾಮಾನ್ಯವಾಗಿ ಕಟಿಂಗ್, ಬೆಣ್ಣೆ ಹಾಗೆ ಒತ್ತಿಕೊಂಡು ತೂತು ಸಣ್ಣ ಇದ್ದರೆ ಫಿನಿಶಿಂಗ್.

ಅಳತೆ: 5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್. ಸುತ್ತಲೂ ಕಾಲು ಇಂಚು ಹೊರಗೆ ಬಂದರೆ ಪ್ಲೇಟಿನ ಅಂಚು ಗಾಡಿಗೆ ತಾಗುವುದಿಲ್ಲ. ಆರೂವರೆ, ಏಳು ಇಂಚಿನದು ಹಾಕಬೇಡಿ, ಮಷಿನ್‌ಗೆ ಭಾರ ಆಗಿ ಪ್ಯಾಡ್ ತಿರುಗೋದೇ ನಿಲ್ಲುತ್ತೆ. ದಪ್ಪ ಪ್ಯಾಡೂ ಬೇಡ. ದಪ್ಪ ಫೋಮ್ ಮಷಿನ್‌ನ ಅಲುಗಾಟವನ್ನೆಲ್ಲ ತಾನೇ ನುಂಗಿಬಿಡುತ್ತೆ, ಪೇಂಟ್‌ಗೆ ಏನೂ ಮುಟ್ಟುವುದಿಲ್ಲ, ನಿಮ್ಮ ಕೈ ಮಾತ್ರ ಜೋಮು ಹಿಡಿಯುತ್ತೆ.

ಒಂದು ಕೆಲಸ ಇವತ್ತೇ ಮಾಡಿ. ಬ್ಯಾಕಿಂಗ್ ಪ್ಲೇಟಿನ ಬದಿಗೆ, ಮೇಲಿಂದ ಕಾಣುವ ಹಾಗೆ, ಮಾರ್ಕರ್‌ನಲ್ಲಿ ಒಂದು ಗೀಟು ಎಳೆಯಿರಿ. ಡಿಎ ಮಷಿನ್‌ನಲ್ಲಿ ಪ್ಯಾಡ್ ನಡುಗುತ್ತಾ ಜೊತೆಗೆ ನಿಧಾನ ತಿರುಗಬೇಕು. ಆ ಗೀಟು ಸುತ್ತುತ್ತಿದ್ದರೆ ಕೆಲಸ ಆಗುತ್ತಿದೆ. ಗೀಟು ನಿಂತ ಜಾಗದಲ್ಲೇ ನಡುಗುತ್ತಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲವೇ ಪ್ಯಾಡ್ ವಾರೆ ಹಿಡಿದಿದ್ದೀರಿ. ಮೊದಲ ದಿನ ನಾನು ಮೂರು ತಾಸು ನಿಂತ ಪ್ಯಾಡಿನಲ್ಲೇ ಬಾನೆಟ್ ಉಜ್ಜಿದ್ದೆ, ಬೆವರು ಬಂದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಈಗ ದುಡ್ಡಿನ ವಿಷಯ. ಎಲ್ಲರೂ ಮಾಡುವ ತಪ್ಪು ಅಂದರೆ ಐದು ಬಣ್ಣದ ಐದು ಪ್ಯಾಡ್ ಇರುವ ಸೆಟ್ ತಗೊಳ್ಳುವುದು. ನಿಮಗೆ ಐದು ನಮೂನೆ ಬೇಡ, ಒಂದೇ ನಮೂನೆಯ ನಾಲ್ಕು ಬೇಕು. ಯಾಕಂದ್ರೆ ಪ್ಯಾಡ್ ತುಂಬಿಕೊಳ್ಳುತ್ತೆ. ಕಿತ್ತುಬಂದ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಪುಡಿ, ಸತ್ತ ಕಂಪೌಂಡ್ (ಗೀರು ತೆಗೆಯುವ ಒರಟು ಪೇಸ್ಟ್) ಎಲ್ಲ ಸೇರಿ ಒಂದು ಬಾನೆಟ್ ಮುಗಿಯುವಷ್ಟರಲ್ಲಿ ಮುಖದ ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗುತ್ತೆ. ಆಮೇಲೆ ಅದು ಕತ್ತರಿಸುವುದಿಲ್ಲ, ಸುಮ್ನೆ ಜಾರುತ್ತೆ, ಬಿಸಿಯಾಗುತ್ತೆ. ಜನ ಏನು ಮಾಡ್ತಾರೆ, ಪ್ಯಾಡ್ ಕೆಲಸ ಮಾಡ್ತಿಲ್ಲ ಅಂತ ಇನ್ನೂ ಒರಟು ಪ್ಯಾಡ್ ತರುತ್ತಾರೆ. ಪ್ಯಾಡ್ ಒರಟಾಗಬೇಕಿರಲಿಲ್ಲ, ಸ್ವಚ್ಛ ಆಗಬೇಕಿತ್ತು.

ನಾನಾಗಿದ್ದರೆ ಪಾಲಿಶಿಂಗ್ ಫೋಮ್ ನಾಲ್ಕು, ಮೈಕ್ರೋಫೈಬರ್ ಕಟಿಂಗ್ ಎರಡು ತಗೊಳ್ಳುತ್ತಿದ್ದೆ. ಕಪ್ಪು ಗಾಡಿ ಅಂತ ಫಿನಿಶಿಂಗ್ ಒಂದು. ನಾನು ತಗೊಂಡಾಗ ಒಂದಕ್ಕೆ 500ರಿಂದ 600 ಬಿದ್ದಿತ್ತು, ನಿಮ್ಮ 4000ದಲ್ಲಿ ಹೆಚ್ಚುಕಡಿಮೆ ಕೂರುತ್ತೆ. ಕ್ರೆಟಾ ಪೇಂಟ್ ಮೃದುವೋ ಗಟ್ಟಿಯೋ ಅಂತ ಮಾತ್ರ ಯಾರನ್ನೂ ಕೇಳಬೇಡಿ, ನಿಮ್ಮ ಬಾನೆಟ್ಟನ್ನೇ ಕೇಳಿ. ಎರಡು ಅಡಿ ಚೌಕ ಟೇಪ್ ಹಾಕಿ, ಮೊದಲು ಪಾಲಿಶಿಂಗ್ ಫೋಮ್, ನಯವಾದ ಪಾಲಿಶ್. ಅದರಲ್ಲೇ ಮುಕ್ಕಾಲು ಹೋದರೆ ಅಲ್ಲಿಗೇ ನಿಲ್ಲಿಸಿ. ಹೋಗದಿದ್ದರೆ ಮಾತ್ರ ಮೈಕ್ರೋಫೈಬರ್ ಮತ್ತು ಕಂಪೌಂಡ್.

ಗೋಕುಲರೋಡ್_ಪೇಂಟರ್:

ನಾನು ಬಾಡಿ ಶಾಪಿನಲ್ಲಿ 22 ವರ್ಷದಿಂದ ಇದ್ದೀನ್ರಿ. ಉಣ್ಣೆ ಪ್ಯಾಡ್ ಅಂದ ಕೂಡಲೇ ಎಲ್ಲರೂ ಹಾವು ಕಂಡ ಹಾಗೆ ಮಾಡ್ತಾರೆ, ಅದಕ್ಕೆ ಬರೀತಿದ್ದೀನಿ.

ಉಣ್ಣೆ ಕೆಟ್ಟದ್ದಲ್ಲ. ಹೊಸದಾಗಿ ಪೇಂಟ್ ಹೊಡೆದು, 2000 ನಂಬರ್ ಪೇಪರ್ ಹಾಕಿ ನೀರಲ್ಲಿ ಉಜ್ಜಿದ ಮೇಲೆ ಆ ಪೇಪರ್ ಗೆರೆ ತೆಗೆಯೋಕೆ ರೋಟರಿ ಮಷಿನ್ (ನಡುಗದೆ ಬರೀ ಗರಗರ ತಿರುಗೋದು), ಉಣ್ಣೆ ಪ್ಯಾಡ್, ಕಂಪೌಂಡ್ ಇದಕ್ಕೆ ಸಾಟಿ ಇಲ್ಲ. ನಿಮಗೆ ಅರ್ಧ ಗಂಟೆ ಅಂತ ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಅವರು ಪೂರ್ತಿ ಹೇಳಿಲ್ಲ. ಉಣ್ಣೆ ಹೊಡೆದ ಮೇಲೆ ಬಿಸಿಲಲ್ಲಿ ಮೀನಿನ ಬಾಲದ ಹಾಗೆ ನೆರಳು ನೆರಳು ಓಡಾಡುತ್ತೆ, ಹೊಲೊಗ್ರಾಮ್ ಅಂತೀವಿ, ಅದನ್ನು ತೆಗೆಯೋಕೆ ಮತ್ತೆ ಫೋಮ್ ಹಾಕಲೇಬೇಕು. ಬಿಳಿ ಗಾಡಿಯಲ್ಲಿ ಮುಚ್ಚಿ ಹೋಗುತ್ತೆ. ನಿಮ್ಮದು ಕಪ್ಪು. ಡಿಎ ಮಷಿನ್‌ಗೆ ಅಂತಲೇ ಗಿಡ್ಡ ಕೂದಲಿನ ಉಣ್ಣೆ ಪ್ಯಾಡ್ ಬರುತ್ತೆ, ಅದು ಪರವಾಗಿಲ್ಲ, ಜಾಸ್ತಿ ಕಾಯೋದಿಲ್ಲ. ಮೊದಲ ಗಾಡಿಗೇ ಅದು ಬೇಡ.

ರೋಟರಿ ಯಾಕೆ ಬೇಡ ಅಂದ್ರೆ, ನಾನು ಕೆಲಸ ಕಲಿಯುವಾಗ ಕಡುಗೆಂಪು ಗಾಡಿಯ ಫೆಂಡರ್ ಅಂಚಿನ ಮೇಲೆ ಮಷಿನ್ ಒಂದು ಕ್ಷಣ ಜಾಸ್ತಿ ನಿಲ್ಲಿಸಿದೆ. ಬಿಳಿ ಉಣ್ಣೆ ಮೇಲೆ ಕೆಂಪು ಬಂತು. ಉಸ್ತಾದ್ ದೂರದಿಂದ ಪ್ಯಾಡ್ ನೋಡಿಯೇ ಎದ್ದು ಬಂದರು, ಗಾಡಿ ನೋಡಲೇ ಇಲ್ಲ. ಇದನ್ನು ನೆನಪಿಡಿ. ಹಳೇ ಅಂಬಾಸಿಡರ್ ತರಹದ ಗಾಡಿಗಳ ಪೇಂಟ್ ಮೇಲೆ ಕ್ಲಿಯರ್ ಇರುತ್ತಿರಲಿಲ್ಲ, ಪ್ಯಾಡಿಗೆ ಬಣ್ಣ ಬರೋದು ಸಹಜ. ಈಗಿನ ಗಾಡಿಯಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇದೆ, ಅದಕ್ಕೆ ಬಣ್ಣವೇ ಇಲ್ಲ. ನಿಮ್ಮ ಪ್ಯಾಡ್ ಮೇಲೆ ಕಪ್ಪು ಕಂಡರೆ ಅಲ್ಲೇ ಕೈ ಎತ್ತಿ. ಕ್ಲಿಯರ್ ಹೋಗಿದೆ ಅಂತ ಅರ್ಥ, ಇನ್ನು ಪೇಂಟೇ ಗತಿ.

ಆ ಕ್ಲಿಯರ್ ಎಷ್ಟಿರುತ್ತೆ ಅಂದುಕೊಂಡಿದ್ದೀರಿ? ಸುಮಾರು 40-50 ಮೈಕ್ರಾನ್. ನಿಮ್ಮ ತಲೆಕೂದಲು ಅದಕ್ಕಿಂತ ದಪ್ಪ. ಅಂಚುಗಳಲ್ಲಿ, ಬಾನೆಟ್ಟಿನ ಮಡಿಕೆ ಗೆರೆಗಳಲ್ಲಿ ಇನ್ನೂ ತೆಳು. ಅದಕ್ಕೇ ಅಲ್ಲೆಲ್ಲ ಟೇಪ್ ಹಾಕಿ, ಪ್ಲಾಸ್ಟಿಕ್ ಪಟ್ಟಿಗಳಿಗೂ ಹಾಕಿ, ಇಲ್ಲಾಂದ್ರೆ ಬಿಳಿ ಕಂಪೌಂಡ್ ಕೂತು ಆರು ತಿಂಗಳು ಅಣಕಿಸುತ್ತೆ. ಯಾರ ಹತ್ತಿರವಾದರೂ ಪೇಂಟ್ ಅಳೆಯುವ ಗೇಜ್ ಇದ್ದರೆ ಎಲ್ಲಾ ಪ್ಯಾನೆಲ್ ಮೇಲೆ ಇಟ್ಟು ನೋಡಿ. ಎಲ್ಲಾ ಕಡೆ 100-120 ತೋರಿಸಿ ಒಂದು ಬಾಗಿಲು ಮಾತ್ರ 250 ತೋರಿಸಿದರೆ ಆ ಬಾಗಿಲಿಗೆ ಮತ್ತೆ ಪೇಂಟ್ ಆಗಿದೆ, ಅಲ್ಲಿ ಬೇರೆ ಟೆಸ್ಟ್ ಮಾಡಬೇಕು. ಅದು ಎಲ್ಲಾ ಪದರ ಸೇರಿಸಿ ತೋರಿಸುವ ಲೆಕ್ಕ, ಕ್ಲಿಯರ್ ಒಂದೇ ಅಲ್ಲ. ಬಂಪರ್ ಪ್ಲಾಸ್ಟಿಕ್, ಆ ಗೇಜ್ ಅಲ್ಲಿ ನಡೆಯಲ್ಲ.

ಧಾರವಾಡದ ಅಣ್ಣಾವ್ರು ಏಳು ಪ್ಯಾಡ್ ಅಂದಿದ್ದಾರೆ. ಸ್ವಲ್ಪ ಜಾಸ್ತಿ ಆಯ್ತು. ನಾವು ಎರಡು ಪ್ಯಾಡಿನಲ್ಲಿ ದಿನಕ್ಕೆ ಎರಡು ಗಾಡಿ ಮಾಡಿದವರು.

ಶನಿವಾರದ_ಪಾಲಿಶ್ (ಧಾರವಾಡ):

ನಿಮ್ಮ ಹತ್ತಿರ ಕಂಪ್ರೆಸರ್ ಇದೆಯಲ್ಲ ಪೇಂಟರ್ ಅಣ್ಣಾ. ಒಂದೊಂದು ಚೌಕ ಆದ ಮೇಲೂ ಗಾಳಿ ಹೊಡೆದರೆ ಪ್ಯಾಡ್ ಹೊಸದರ ಹಾಗೆ ಆಗುತ್ತೆ. ಇವರ ಹತ್ತಿರ ಇರುವುದು ಹಲ್ಲುಜ್ಜುವ ಬ್ರಷ್. ಬ್ರಷ್‌ನಲ್ಲಿ ಅರ್ಧ ಪುಡಿ ಹೋಗುತ್ತೆ, ಇನ್ನರ್ಧ ಒಳಗೇ ಉಳಿಯುತ್ತೆ. ತೊಳೆದು ಹಾಕೋಣ ಅಂದ್ರೆ ಒದ್ದೆ ಪ್ಯಾಡ್ ಮಷಿನ್‌ಗೆ ಹಾಕಿದರೆ ಕಂಪೌಂಡ್ ನೀರಾಗಿ ಎಲ್ಲಾ ಕಡೆ ಸಿಡಿಯುತ್ತೆ. ಅದಕ್ಕೇ ಏಳು ಅಂದೆ.

ಗೋಕುಲರೋಡ್_ಪೇಂಟರ್:

ಕಂಪ್ರೆಸರ್ ಮಾತು ಖರೇ. ಆಯ್ತು, ಆರು ತಗೊಳ್ಳಿ.

ಬೆಟಗೇರಿ_ಬಿಳಿಗಾಡಿ:

ನಾನು ಗದಗಿನ ಕಡೆಯವಳು, ನಮ್ಮದು ಬಿಳಿ ಬಲೇನೊ. ಸ್ವರ್ಲ್, ಅಂದರೆ ಆ ಬಲೆಯಂಥ ಗೆರೆ, ಅಷ್ಟು ಕಾಣಲ್ಲ, ನಮ್ಮ ರೋಗ ಬೇರೆ, ನೀರಿನ ಕಲೆ. ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದಿಲ್ಲ, ಅಂಥ ನೀರಲ್ಲಿ ಬಿಸಿಲಲ್ಲೇ ಗಾಡಿ ತೊಳೆದು ಹಾಗೇ ಒಣಗಲು ಬಿಡುತ್ತಿದ್ದೆವು. ಕನ್ನಡಿ ಮೇಲೆ, ಬಾನೆಟ್ ಮೇಲೆ ಬಿಳಿ ಬಿಳಿ ಉಂಗುರ. ಅದನ್ನು ತೆಗೆಯೋಕೆ ನಾನೂ ಒರಟು ಪ್ಯಾಡ್ ಹುಡುಕುತ್ತಾ ಕೂತಿದ್ದೆ.

ಕರಿಗಾಡಿಯವರೇ, ನಿಮಗೂ ಇದು ಇರಬಹುದು, ಒಮ್ಮೆ ನೋಡಿಕೊಳ್ಳಿ. ಆ ಉಂಗುರ ಸುಣ್ಣದ ಅಂಶ, ಮೇಲೆ ಕೂತಿದ್ದರೆ ಅದಕ್ಕೆ ಪ್ಯಾಡ್ ಬೇಕಾಗಿಲ್ಲ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ, ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು, ಒಣಗುವ ಮುಂಚೆ ನೀರು ಹಾಕಿ ತೊಳೆಯಿರಿ. ಹೋದದ್ದು ಹೋಯ್ತು. ಪೇಂಟ್ ಒಳಗೆ ಕುಳಿ ಮಾಡಿದ್ದರೆ ಮಾತ್ರ ಪಾಲಿಶ್. ಆ ಸುಣ್ಣ ಹಾಗೇ ಇರುವಾಗ ಮಷಿನ್ ಓಡಿಸಿದರೆ ಅದೇ ಪುಡಿ ಪ್ಯಾಡಿಗೆ ಹತ್ತಿ ಹೊಸ ಗೀರು ಎಳೆಯುತ್ತೆ. ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ) ಕೂಡ ಅದೇ ಕಾರಣಕ್ಕೆ. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಸವರಿ ನೋಡಿ. ಬರೀ ಕೈಗೆ ನುಣುಪು ಅನಿಸಿದ್ದು ಕವರ್ ಹಾಕಿದ ಕೈಗೆ ರವೆ ಹಾಗೆ ತರಿತರಿ ಅನಿಸುತ್ತೆ. ರವೆ ಹೋಗುವವರೆಗೆ ಪ್ಯಾಡ್ ಮುಟ್ಟಬೇಡಿ.

ಪ್ಯಾಡ್ ತೊಳೆಯುವುದರ ಬಗ್ಗೆ ಯಾರೂ ಹೇಳಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಹೆಬ್ಬೆರಳಲ್ಲಿ ಒತ್ತಿ ಒತ್ತಿ. ಹಿಂಡಿ ತಿರುಚಬೇಡಿ, ವೆಲ್ಕ್ರೋ ಅಂಟು ಬಿಡುತ್ತೆ. ನಾನು ಬೋರ್ ನೀರಲ್ಲಿ ತೊಳೆದಾಗ ಫೋಮ್ ಒಣಗಿದ ಮೇಲೆ ಗಟ್ಟಿ ಗಟ್ಟಿ ಆಗುತ್ತಿತ್ತು, ಅದೇ ಉಪ್ಪು. ಈಗ ಕೊನೇ ಸಲ ಅದ್ದುವುದು ಎಸಿಯಿಂದ ಸೋರುವ ನೀರಲ್ಲಿ. ಬಕೆಟ್ ಇಟ್ಟರೆ ಒಂದು ರಾತ್ರಿಗೆ ಬೇಕಾದಷ್ಟು ಬೀಳುತ್ತೆ, ಅದರಲ್ಲಿ ಸುಣ್ಣ ಇರಲ್ಲ.

ಒಣಗಿಸುವುದು ಫೋಮ್ ಕೆಳಗೆ, ವೆಲ್ಕ್ರೋ ಮೇಲೆ, ನೆರಳಲ್ಲಿ. ಬಿಸಿಲಿಗೆ ಬೇಡ. ಧೂಳು ಕೂರಬಾರದು ಅಂತ ನಾನು ಸಂಡಿಗೆ ಒಣಗಿಸುವ ಬಲೆ ಕೆಳಗೆ ಇಡುತ್ತೇನೆ. ಮೊದಲ ದಿನ ಅತ್ತೆ ಬಲೆ ಎತ್ತಿ ನೋಡಿ "ಈ ಕಿತ್ತಳೆ ಬಣ್ಣದ್ದು ಯಾತರ ಸಂಡಿಗೆವಾ?" ಅಂದರು.

ಕರಿಗಾಡಿ_ಹುಬ್ಬಳ್ಳಿ:

ಅಕ್ಕಾ, ಸಂಡಿಗೆ ಓದಿ ಮನೆಯವರೆಲ್ಲ ನಕ್ಕರು.

ಎರಡು ವಾರ ಆಯ್ತು, ಬರೆಯೋಕೆ ತಡ ಆಯ್ತು. ಪಾಲಿಶಿಂಗ್ ಫೋಮ್ ನಾಲ್ಕು, ಮೈಕ್ರೋಫೈಬರ್ ಎರಡು ತರಿಸಿದೆ. ಪೇಂಟರ್ ಅಣ್ಣ ಗೆದ್ದರು, ಆರು. ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ತೊಳೆದು, ಕ್ಲೇ ಹಾಕಿದೆ. ಕವರ್ ಹಾಕಿದ ಕೈ ಕಥೆ ಪೂರ್ತಿ ನಿಜ, ನಮ್ಮ ರೂಫ್ ಮೇಲೆ ಉಪ್ಪಿಟ್ಟು ಮಾಡುವಷ್ಟು ರವೆ ಇತ್ತು.

ಬಾನೆಟ್ ಮೇಲೆ ಟೇಪ್ ಹಾಕಿ ಮೊದಲು ಪಾಲಿಶಿಂಗ್ ಫೋಮ್, ಮೆಂಜರ್ನಾ ಕಂಪನಿಯ ನಯವಾದ ಪಾಲಿಶ್ 3800. ನಾಲ್ಕು ಹನಿ, ಅಡ್ಡ ಉದ್ದ ಐದು ಸಲ. ಒರೆಸಿ ನೋಡಿದೆ, ಆಹಾ, ಒಂದೂ ಗೆರೆ ಇಲ್ಲ. ಮೊದಲನೇ ಏಟಿಗೇ ಗೆದ್ದೆ ಅಂತ ಹೆಂಡತಿಯನ್ನು ಕರೆದು ತೋರಿಸಿಯೂ ಆಯ್ತು. ಆಮೇಲೆ ಎಲ್ಲೋ ಓದಿದ್ದು ನೆನಪಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ಒರೆಸಿದೆ. ಅರ್ಧ ಗೆರೆ ವಾಪಸ್ ಬಂದವು! ಪಾಲಿಶ್‌ನಲ್ಲಿರುವ ಎಣ್ಣೆ ತುಂಬಿಕೊಂಡು ಮುಚ್ಚಿತ್ತು ಅಷ್ಟೇ. ಒರೆಸದೇ ಇದ್ದಿದ್ದರೆ ಇಡೀ ಗಾಡಿ ಹಾಗೇ ಮಾಡಿ, ನಾಲ್ಕು ಸಲ ತೊಳೆದ ಮೇಲೆ ಪ್ಯಾಡ್ ಸರಿ ಇಲ್ಲ ಅಂತ ಇಲ್ಲಿ ಬಂದು ಜಗಳ ಆಡುತ್ತಿದ್ದೆ.

ಪಕ್ಕದ ಚೌಕದಲ್ಲಿ ಮೈಕ್ರೋಫೈಬರ್, ಮೆಂಜರ್ನಾದ್ದೇ ಕಂಪೌಂಡ್ 400. ಈ ಸಲ ಆಲ್ಕೋಹಾಲ್ ಹಾಕಿ ಒರೆಸಿದರೂ ಗೆರೆ ಇಲ್ಲ. ಆದರೆ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಮಂಜು ಮಂಜು, ಚಳಿಗಾಲದಲ್ಲಿ ಬೀದಿ ದೀಪ ಕಾಣುತ್ತಲ್ಲ ಹಾಗೆ. ಅದರ ಮೇಲೆ ಹೊಸ ಪಾಲಿಶಿಂಗ್ ಫೋಮ್, 3800 ಹಾಕಿದ ಮೇಲೆ ಆ ಮಂಜು ಹೋಗಿ ಟಾರ್ಚ್ ಒಂದು ಚುಕ್ಕೆಯಾಗಿ ಕಂಡಿತು. ಅದೇ ಎರಡು ಹಂತ ಅಂತ ಗಟ್ಟಿ ಮಾಡಿಕೊಂಡೆ. ಫಿನಿಶಿಂಗ್ ಪ್ಯಾಡ್ ಬೇಕಾಗಲೇ ಇಲ್ಲ.

ಮಾರ್ಕರ್ ಗೀಟು ಎಳೆದದ್ದು ಎಷ್ಟು ಉಪಕಾರ ಆಯ್ತು ಅಂದ್ರೆ ಹೇಳತೀರದು. ಚಪ್ಪಟೆ ಜಾಗದಲ್ಲಿ ಚೆನ್ನಾಗಿ ಸುತ್ತುತ್ತಿದ್ದದ್ದು ಫೆಂಡರ್ ಬಾಗಿನ ಮೇಲೆ ಹೋದ ಕೂಡಲೇ ನಿಂತುಬಿಡುತ್ತಿತ್ತು. ಮಷಿನ್ ಸದ್ದು ಒಂದೇ ಥರ ಬರುತ್ತಿತ್ತು, ಗೀಟು ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಒಂದು ತೊಂದರೆ. ಒಂದು ಮೈಕ್ರೋಫೈಬರ್ ಪ್ಯಾಡಿನ ಅಂಚಿನಲ್ಲಿ ಬಟ್ಟೆ ಫೋಮ್‌ನಿಂದ ಬಿಟ್ಟುಕೊಂಡು ಬಂದಿದೆ. ಮೂರೇ ಪ್ಯಾನೆಲ್ ಆಗಿತ್ತು. ನಕಲಿ ಮಾಲಾ ಅಥವಾ ನನ್ನ ತಪ್ಪಾ? ಇನ್ನೊಂದು, ಬಾಗಿಲಿನ ಹ್ಯಾಂಡಲ್ ಹಿಂದೆ ಉಗುರು ಗೀರು ತುಂಬಾ ಇದೆ, ಅಲ್ಲಿ ಪ್ಯಾಡ್ ಹೋಗಲ್ಲ, ಏನು ಮಾಡಲಿ?

ಶನಿವಾರದ_ಪಾಲಿಶ್ (ಧಾರವಾಡ):

ಆಲ್ಕೋಹಾಲ್ ಹೇಳಲು ಮರೆತದ್ದು ನನ್ನ ತಪ್ಪು, ಕ್ಷಮಿಸಿ. ಪ್ಯಾಡ್ ಕಾದಿದೆ ಅನಿಸುತ್ತೆ. 15 ಎಂಎಂ ಥ್ರೋದಲ್ಲಿ ಅಂಚೇ ಜಾಸ್ತಿ ಓಡುತ್ತೆ, ಬಿಸಿ ಅಲ್ಲೇ ಜಾಸ್ತಿ, ಒತ್ತಿ ಹಿಡಿದರೆ ಅಂಟು ಕರಗುತ್ತೆ. ಒಂದು ಚೌಕ ಆದ ಮೇಲೆ ಪ್ಯಾಡಿನ ಮುಖಕ್ಕೆ ಅಂಗೈ ಇಟ್ಟು ನೋಡಿ. ರೊಟ್ಟಿ ಹಂಚು ಮುಟ್ಟಿದ ಹಾಗೆ ಕೈ ಎಳೆದುಕೊಳ್ಳುವಷ್ಟು ಇದ್ದರೆ ಬೇರೆ ಪ್ಯಾಡ್ ಹಾಕಿ, ಅದು ತಣ್ಣಗಾಗಲಿ. ಎರಡರಲ್ಲೇ ಎಲ್ಲಾ ಮುಗಿಸಲು ಹೋದಿರಿ ಅಲ್ವಾ? ಏಳು ಅಂದಿದ್ದೆ ನಾನು.

ಗೋಕುಲರೋಡ್_ಪೇಂಟರ್:

ಹ್ಯಾಂಡಲ್ ಹಿಂದೆ ಕೈಯಲ್ಲೇ ಮಾಡಿ. ಹರಿದ ಮೈಕ್ರೋಫೈಬರ್ ಪ್ಯಾಡ್ ಬಿಸಾಡಬೇಡಿ, ಚೆನ್ನಾಗಿರುವ ಭಾಗ ಕತ್ತರಿಸಿ ಎರಡು ಬೆರಳಿಗೆ ಸುತ್ತಿ, ಒಂದು ಹನಿ ಪಾಲಿಶ್ ಹಾಕಿ ಉಜ್ಜಿ. ಪೂರ್ತಿ ಹೋಗಲ್ಲ, ಉಗುರಿಗೆ ಸಿಗುವ ಗೀರು ಬಿಟ್ಟುಬಿಡಿ, ಅದರ ಹಿಂದೆ ಬಿದ್ದರೆ ಕ್ಲಿಯರ್ ಹೋಗುತ್ತೆ. ರೂಫ್ ಆಯ್ತಾ?

ಕರಿಗಾಡಿ_ಹುಬ್ಬಳ್ಳಿ:

ರೂಫ್ ಬಾಕಿ. ಎರಡನೇ ಬಾಗಿಲು ಮಾಡುವಾಗ ಕರೆಂಟ್ ಹೋಯ್ತು, ಬಂದಾಗ ನನ್ನ ಭುಜ ಹೋಗಿತ್ತು. ರೂಫ್ ಯಾರು ನೋಡ್ತಾರೆ ಬಿಡಿ ಅಂದುಕೊಂಡಿದ್ದೇನೆ.

ಬೆಟಗೇರಿ_ಬಿಳಿಗಾಡಿ:

ನಿಮ್ಮ ಮಹಡಿ ಮೇಲೆ ಬಾಡಿಗೆಗೆ ಯಾರೂ ಇಲ್ವಾ?

ಕರಿಗಾಡಿ_ಹುಬ್ಬಳ್ಳಿ:

ಮಹಡಿ ಮೇಲೆ ಮಾವ ಇರೋದು ಅಕ್ಕಾ. ಮುಂದಿನ ಭಾನುವಾರ ಮಾಡ್ತೀನಿ.